ಟಿವಿಯಲ್ಲಿ ಪ್ರಾತ್ಯಕ್ಷಿಕೆ ತೋರಿಸಿ ಮಾರುವ ಸಾಧನಗಳನ್ನು ಕೊಳ್ಳಬಹುದೇ?

ಪ್ರಶ್ನಾರ್ಥಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ ಮಣಿಕಟ್ಟಿನ ನೋವು ಶುರುವಾದಾಗಿನಿಂದ ತರಕಾರಿ ಹೆಚ್ಚುವುದೇ ದೊಡ್ಡ ಕೆಲಸವಾಗಿಬಿಟ್ಟಿದೆ. ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಅರ್ಧ ಗಂಟೆ ಪ್ರಸಾರವಾಗುವ ಜಾಹೀರಾತು ಕಾರ್ಯಕ್ರಮವೊಂದರಲ್ಲಿ, ಈರುಳ್ಳಿಯನ್ನು ಅಲಗುಗಳ ಜಾಲರಿಯ ಮೇಲಿಟ್ಟು ಮುಚ್ಚಳವನ್ನು ಒಮ್ಮೆ ಒತ್ತಿದರೆ ಒಂದೇ ಅಳತೆಯ ಚೂರುಗಳು ಕೆಳಗಿನ ಡಬ್ಬಿಗೆ ಬೀಳುವ ಸಾಧನವನ್ನು ತೋರಿಸುತ್ತಾರೆ. ಅದನ್ನು ತರಿಸಿಕೊಡು ಎಂದು ತಾಯಿಯವರು ಕೇಳುತ್ತಿದ್ದಾರೆ. ಅದೇ ವಾಹಿನಿಯಲ್ಲಿ ಬರುವ, ಸೊಂಟಕ್ಕೆ ಕಟ್ಟಿಕೊಂಡು ಕುಳಿತರೆ ಹೊಟ್ಟೆ ಕರಗುತ್ತದೆ ಎನ್ನುವ ಬೆಲ್ಟಿನ ಮೇಲೆ ತಮ್ಮನ ಕಣ್ಣು ಬಿದ್ದಿದೆ.

ಇಂಥ ವಸ್ತುಗಳೆಲ್ಲ ಮೋಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರನ್ನೂ ಕಂಡಿದ್ದೇನೆ, ವರ್ಷಗಳಿಂದ ಬಳಸುತ್ತಿದ್ದೇವೆ, ಏನೂ ತೊಂದರೆಯಿಲ್ಲ ಎನ್ನುವವರನ್ನೂ ಕಂಡಿದ್ದೇನೆ. ಹಣ ಕಳಿಸುವ ಮೊದಲು ಏನೇನು ಗಮನಿಸಬೇಕು ಎಂಬುದನ್ನು ಬಳಸಿದವರು, ರಿಪೇರಿ ಬಲ್ಲವರು, ಕಾನೂನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಬೆಸುಗೆ

ಮನೆಬಳಕೆಯ ಉಪಕರಣಗಳ ರಿಪೇರಿ ನನ್ನ ವೃತ್ತಿ. ನಿಮ್ಮ ತಾಯಿಯವರಿಗೆ ಬೇಕಾದ ಸಾಧನದ ವಿಚಾರವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಜಾಹೀರಾತು ಮರೆಮಾಚುವ ಒಂದು ಸಂಗತಿ ನೇರವಾಗಿ ಅವರ ಮಣಿಕಟ್ಟಿಗೇ ಸಂಬಂಧಿಸಿದೆ.

ಚಾಕುವಿನಿಂದ ಹೆಚ್ಚುವಾಗ ಒಂದು ಸಲಕ್ಕೆ ಒಂದೇ ಗೆರೆ ಕತ್ತರಿಸುತ್ತದೆ. ಅದೂ ಅಲಗು ಹಿಂದೆ ಮುಂದೆ ಜಾರುತ್ತಾ ಕತ್ತರಿಸುವುದರಿಂದ ಹೆಚ್ಚು ಬಲ ಬೇಕಾಗುವುದಿಲ್ಲ. ಜಾಲರಿಯ ಸಾಧನದಲ್ಲಿ ಹಾಗಲ್ಲ. ಅಲ್ಲಿ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿದ ಅಲಗುಗಳೆಲ್ಲವೂ ಏಕಕಾಲಕ್ಕೆ ತರಕಾರಿಯೊಳಗೆ ಇಳಿಯಬೇಕು, ಜಾರುವ ಚಲನೆಯಂತೂ ಇಲ್ಲವೇ ಇಲ್ಲ, ಹಾಗಾಗಿ ಒಂದು ಗೆರೆಗೆ ಬೇಕಾಗುವ ಬಲದ ಹಲವು ಪಟ್ಟು ಬಲವನ್ನು ಒಂದೇ ಏಟಿಗೆ ಅಂಗೈಯಿಂದ ಹಾಕಬೇಕಾಗುತ್ತದೆ. ಪರದೆಯ ಮೇಲೆ ಒತ್ತುವವರ ನಿಲುವನ್ನು ಒಮ್ಮೆ ಗಮನಿಸಿ. ಮೇಜು ಅವರ ಸೊಂಟಕ್ಕಿಂತ ಕೆಳಗಿರುತ್ತದೆ, ತೋಳು ನೆಟ್ಟಗಿರುತ್ತದೆ, ಮೈಯ ಭಾರ ಮುಚ್ಚಳದ ಮೇಲೆ ಬೀಳುತ್ತದೆ, ಈರುಳ್ಳಿಯನ್ನು ಮೊದಲೇ ಎರಡು ಹೋಳು ಮಾಡಿ ಚಪ್ಪಟೆ ಭಾಗ ಕೆಳಗೆ ಬರುವಂತೆ ಇಟ್ಟಿರುತ್ತಾರೆ. ಕ್ಯಾರೆಟ್‌ನಂಥ ಗಟ್ಟಿ ತರಕಾರಿಯಾದರೆ ತೆಳ್ಳಗೆ ಸೀಳಿಯೇ ಇಡುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಮಣಿಕಟ್ಟು ನೋಯುವವರಿಗೆ ಇದು ಚಾಕುವಿಗಿಂತ ಹೆಚ್ಚು ನೋವು ಕೊಡುವ ಸಾಧನ.

ಇನ್ನು ಬಾಳಿಕೆಯ ಮಾತು. ನನ್ನ ಮೇಜಿಗೆ ಬರುವ ಇಂಥ ಸಾಧನಗಳಲ್ಲಿ ಅಲಗು ಕೆಟ್ಟಿರುವುದು ಅಪರೂಪ. ಮುಚ್ಚಳವನ್ನು ಡಬ್ಬಿಗೆ ಕೂಡಿಸುವ ಪ್ಲಾಸ್ಟಿಕ್ ಕೀಲು ಮುರಿದಿರುತ್ತದೆ, ಇಲ್ಲವೇ ಮುಚ್ಚಳದ ಒಳಮೈಯಲ್ಲಿ ತರಕಾರಿಯನ್ನು ಕೆಳಕ್ಕೆ ನೂಕುವ ಪುಟ್ಟ ಗೂಟಗಳಲ್ಲಿ ಒಂದೆರಡು ಮುರಿದು, ಆ ಚೌಕಗಳಲ್ಲಿ ಸಿಪ್ಪೆ ಸಿಕ್ಕಿಕೊಂಡಿರುತ್ತದೆ. ಎರಡಕ್ಕೂ ಬಿಡಿಭಾಗ ಸಿಗುವುದಿಲ್ಲ. ಬಿಸಿ ಮಾಡಿ ಅಂಟಿಸಿದ ಕೀಲು ಅಷ್ಟು ಬಲವನ್ನು ಮತ್ತೆ ತಡೆಯುವುದೂ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ನಾನು ಯಾರಿಗೇ ಆಗಲಿ ಕೇಳಲು ಹೇಳುವ ಮೊದಲ ಪ್ರಶ್ನೆ ಬಿಡಿಭಾಗದ್ದು: ಈ ಮುಚ್ಚಳ ಮುರಿದರೆ ಮುಚ್ಚಳ ಮಾತ್ರ ಕೊಡುತ್ತೀರಾ?

ಕಡತ

ಈ ಬಗೆಯ ಮಾರಾಟದ ಚರಿತ್ರೆಯನ್ನು ಕೆಲಕಾಲದಿಂದ ಓದುತ್ತಾ ಬಂದವನಾಗಿ ನಾಲ್ಕು ಮಾತು ಸೇರಿಸುತ್ತೇನೆ. ಬೆಲೆ ಏಕೆ ಹಾಗಿರುತ್ತದೆ, ಗುಣಮಟ್ಟ ಏಕೆ ಹೀಗಿರುತ್ತದೆ ಎಂಬುದು ಆ ಚರಿತ್ರೆಯಿಂದಲೇ ತಿಳಿಯುತ್ತದೆ.

ಅಮೆರಿಕದಲ್ಲಿ 1949ರಷ್ಟು ಹಿಂದೆಯೇ ವೈಟಾಮಿಕ್ಸ್ ಬ್ಲೆಂಡರನ್ನು ಟಿವಿಯಲ್ಲಿ ಅರ್ಧ ಗಂಟೆಯ ಪ್ರಾತ್ಯಕ್ಷಿಕೆಯ ಮೂಲಕ ಮಾರಲಾಗಿತ್ತು. ಆಮೇಲೆ ಜಾಹೀರಾತಿನ ಅವಧಿಗೆ ಮಿತಿ ಬಂದಿತು. 1984ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಟಿವಿ ಕೇಂದ್ರಗಳಿಗೆ ಹಾಕಿದ್ದ ಆ ಮಿತಿಯನ್ನು ತೆಗೆದುಹಾಕಿತು. ನಡುರಾತ್ರಿ, ನಸುಕು, ಮಧ್ಯಾಹ್ನಗಳಂಥ ನೋಡುಗರು ಕಡಿಮೆಯಿರುವ ಹೊತ್ತು ಅಗ್ಗಕ್ಕೆ ಸಿಗತೊಡಗಿದ್ದರಿಂದ, ಇಡೀ ಅರ್ಧ ಗಂಟೆಯನ್ನೇ ಕೊಂಡು ಒಂದೇ ವಸ್ತುವನ್ನು ತೋರಿಸುವ ವ್ಯಾಪಾರ ಬೇರೂರಿತು.

ಈ ವ್ಯಾಪಾರದಲ್ಲಿ ನೋಡುಗನು ಕರೆ ಮಾಡಿದ ಕ್ಷಣದಲ್ಲೇ ಲೆಕ್ಕ ಚುಕ್ತಾ ಆಗಬೇಕು. ಬೇರೆ ಬೇರೆ ವಾಹಿನಿಗಳಿಗೆ, ಬೇರೆ ಬೇರೆ ಹೊತ್ತಿಗೆ ಪ್ರತ್ಯೇಕ ದೂರವಾಣಿ ಸಂಖ್ಯೆ ಕೊಟ್ಟು, ಯಾವ ಪ್ರಸಾರ ಎಷ್ಟು ಕರೆ ತಂದಿತೆಂದು ಎಣಿಸುತ್ತಾರೆ. ಪ್ರಸಾರದ ಸಮಯ, ಚಿತ್ರೀಕರಣ, ಕರೆ ಸ್ವೀಕರಿಸುವವರ ಸಂಬಳ, ಸಾಗಣೆ, ವಾಪಸು ಬರುವ ಸರಕಿನ ನಷ್ಟ, ಎಲ್ಲವೂ ಆ ಒಂದು ಬೆಲೆಯೊಳಗೇ ಹುಟ್ಟಬೇಕು. ಹೀಗಾಗಿ ತಯಾರಿಕೆಗೆ ತಗಲುವ ವೆಚ್ಚದ ಸುಮಾರು ಐದು ಪಟ್ಟು ಬೆಲೆ ಇಡುವುದು ಈ ವ್ಯಾಪಾರದವರ ವಾಡಿಕೆಯ ಲೆಕ್ಕ. ಅಂದರೆ ನೀವು ಕೊಡುವ ಹಣದ ಹೆಚ್ಚಿನ ಪಾಲು ಹೋಗುವುದು ವಸ್ತುವಿಗಲ್ಲ, ಅದನ್ನು ತೋರಿಸಿದ್ದಕ್ಕೆ. ಬೆಸುಗೆಯವರು ಹೇಳಿದ ಆ ಕೀಲು ಏಕೆ ಅಷ್ಟು ತೆಳುವಾಗಿರುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಕೆಂಪು ಗುರುತಿನೊಳಗೆ ‘ಟಿವಿಯಲ್ಲಿ ಕಂಡದ್ದು’ ಎಂಬ ಅರ್ಥದ ಇಂಗ್ಲಿಷ್ ಬರಹವಿರುವ ಪೆಟ್ಟಿಗೆಗಳನ್ನು ಹಲವರು ನೋಡಿರಬಹುದು. ಅದು ಯಾವುದೋ ಒಂದು ಕಂಪನಿಯ ಮುದ್ರೆಯಲ್ಲ, ಯಾವ ಪರೀಕ್ಷೆಯನ್ನೂ ಪಾಸು ಮಾಡಿದ ಗುರುತೂ ಅಲ್ಲ. ಯಾರು ಬೇಕಾದರೂ ತಮ್ಮ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಕೊಳ್ಳಬಹುದು.

ಮುಂಜಾವು

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ಹೇಳಲೇಬೇಕಾಗಿದೆ. ಕಡತ ಅವರೇ ಹೆಸರಿಸಿದ ವೈಟಾಮಿಕ್ಸ್ ಇಂದಿಗೂ ವೃತ್ತಿಪರ ಅಡುಗೆಮನೆಗಳಲ್ಲಿ ಬಳಕೆಯಲ್ಲಿದೆ. 1990ರ ದಶಕದಲ್ಲಿ ಬಾಕ್ಸರ್ ಜಾರ್ಜ್ ಫೋರ್‌ಮನ್ ಅವರ ಹೆಸರಿನಲ್ಲಿ ಬಂದ, ಕೊಬ್ಬು ಹರಿದು ಹೋಗಲೆಂದು ಕಾವಲಿಯನ್ನೇ ಓರೆಯಾಗಿಸಿದ ಗ್ರಿಲ್ ಲೋಕದಾದ್ಯಂತ ಹತ್ತು ಕೋಟಿಗೂ ಹೆಚ್ಚು ಮಾರಾಟವಾಯಿತೆಂದು ಹೇಳುತ್ತಾರೆ. ಅದರಲ್ಲಿ ಮಾಯಾಜಾಲವೇನೂ ಇರಲಿಲ್ಲ. ಎರಡೂ ಕಡೆಯಿಂದ ಒಟ್ಟಿಗೆ ಬಿಸಿ ತಗಲುವುದರಿಂದ ಬೇಗ ಬೇಯುತ್ತದೆ, ಓರೆಯಾಗಿರುವುದರಿಂದ ಕೊಬ್ಬು ಜಾರುತ್ತದೆ. ಹೇಳಿದ ಕೆಲಸವನ್ನು ಅದು ಮಾಡುತ್ತಿತ್ತು.

ಬಟ್ಟೆಯ ಕಲೆ ತೆಗೆಯುವ ಆಕ್ಸಿಕ್ಲೀನ್ ಪುಡಿಯೂ ಹಾಗೆಯೇ. ಬಿಲ್ಲಿ ಮೇಸ್ ಎಂಬ ಮಾರಾಟಗಾರರು ಗಟ್ಟಿ ದನಿಯಲ್ಲಿ ಕೂಗಿ ಕೂಗಿ ಮಾರಿದ್ದರಿಂದ ಅನೇಕರು ಅದನ್ನು ಬೂಟಾಟಿಕೆ ಎಂದುಕೊಂಡರು. ಅದರ ಮುಖ್ಯ ವಸ್ತು ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದೊಡನೆ ಅದು ಹೈಡ್ರೋಜನ್ ಪೆರಾಕ್ಸೈಡನ್ನೂ ವಾಷಿಂಗ್ ಸೋಡಾವನ್ನೂ ಬಿಡುಗಡೆ ಮಾಡುತ್ತದೆ, ಇವೆರಡೂ ಸೇರಿ ಹಣ್ಣು, ಕಾಫಿ, ಚಹಾದಂಥ ಬಣ್ಣದ ಕಲೆಗಳನ್ನು ನಿಜವಾಗಿಯೂ ಬಿಡಿಸುತ್ತವೆ. ಬಿಸಿ ನೀರಾದರೆ ಇನ್ನೂ ಚೆನ್ನಾಗಿ ಬಿಡಿಸುತ್ತವೆ. ರೇಷ್ಮೆಗೆ, ಉಣ್ಣೆಗೆ ಮಾತ್ರ ಹಾಕಬಾರದು. ಇಲ್ಲಿ ತಿಳಿಯಬೇಕಾದದ್ದು ಇಷ್ಟೇ: ಅದೇ ರಾಸಾಯನಿಕ ಬೇರೆ ಹೆಸರಿನ ಪೊಟ್ಟಣಗಳಲ್ಲೂ ಸಿಗುತ್ತದೆ. ಪೊಟ್ಟಣದ ಹಿಂಬದಿಯನ್ನು ಓದಿದರೆ ಜಾಹೀರಾತಿನ ಖರ್ಚನ್ನು ನಾವು ಹೊರಬೇಕಾಗಿಲ್ಲ.

ಇನ್ನೂ ಒಂದು ವರ್ಗವನ್ನು ನೆನಪಿಸಲೇಬೇಕು. ಬಾಟಲಿಯ ಮುಚ್ಚಳ ತಿರುಗಿಸುವ ಹಿಡಿ, ಬಗ್ಗದೆ ನೆಲದ ವಸ್ತು ಎತ್ತುವ ಉದ್ದನೆಯ ಚಿಮಟ, ಕಾಲುಚೀಲ ತೊಡಿಸುವ ಸಲಕರಣೆ ಮುಂತಾದವನ್ನು ನೋಡಿ, ಇದಕ್ಕೂ ಒಂದು ಯಂತ್ರ ಬೇಕೇ ಎಂದು ಆರೋಗ್ಯವಂತರು ಹಗುರವಾಗಿ ಮಾತನಾಡುತ್ತಾರೆ. ಬೆರಳುಗಳ ಸಂಧಿವಾತದಿಂದ ನರಳುವವರಿಗೆ, ಒಂದೇ ಕೈಯಲ್ಲಿ ಬದುಕು ನಡೆಸುವವರಿಗೆ ಅದು ದಿನನಿತ್ಯದ ಸ್ವಾತಂತ್ರ್ಯ. ಇಂಥವರಿಗೆಂದೇ ತಯಾರಿಸಿದ್ದನ್ನು ಎಲ್ಲರಿಗೂ ಬೇಕಾದ ವಸ್ತುವೆಂದು ಟಿವಿ ಮಾರುತ್ತದೆ ಎಂಬ ಒಂದೇ ಕಾರಣಕ್ಕೆ ವಸ್ತುವನ್ನೇ ಹೀಗಳೆಯುವುದು ನನಗೆ ನೋವು ತರುತ್ತದೆ.

ಬೆಸುಗೆ

ಮುಂಜಾವು ಅವರ ಮಾತನ್ನು ಒಪ್ಪುತ್ತೇನೆ. ನನ್ನ ಅನುಭವದಲ್ಲಿಯೂ ಕೆಲಸ ಕಣ್ಣಿಗೆ ಕಾಣುವ, ಯಾಂತ್ರಿಕವಾಗಿ ಸರಳವಾಗಿರುವ ವಸ್ತುಗಳು ಅಷ್ಟಾಗಿ ಮೋಸ ಮಾಡುವುದಿಲ್ಲ. ಪ್ರಾತ್ಯಕ್ಷಿಕೆಯನ್ನು ನೋಡುವ ಕಣ್ಣು ಮಾತ್ರ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಟಿವಿಯಲ್ಲಿ ಗಿನ್ಸು ಎಂಬ ಚಾಕು ಬಂದಿತು. ಹೆಸರು ಜಪಾನಿನದೆಂಬಂತೆ ಕೇಳಿಸಿದರೂ ಅದು ತಯಾರಾಗುತ್ತಿದ್ದುದು ಅಮೆರಿಕದ ಒಹಾಯೊದಲ್ಲಿ. ತಗಡಿನ ಡಬ್ಬಿಯನ್ನು ಕೊಯ್ದು, ಮರುಕ್ಷಣವೇ ಟೊಮೆಟೊವನ್ನು ತೆಳ್ಳಗೆ ಹೆಚ್ಚಿ ತೋರಿಸುವುದು ಅದರ ಜಾಹೀರಾತು. ಇದು ಕ್ಯಾಮೆರಾದ ಕೈಚಳಕವಲ್ಲ. ಹಲ್ಲುಗಳಿರುವ ಚಾಕುವಿನಲ್ಲಿ ಲೋಹಕ್ಕೆ ತಾಗಿ ಮೊಂಡಾಗುವುದು ಹಲ್ಲಿನ ತುದಿ ಮಾತ್ರ. ಹಲ್ಲುಗಳ ನಡುವಿನ ತಗ್ಗಿನಲ್ಲಿರುವ ಹರಿತ ಹಾಗೆಯೇ ಉಳಿಯುತ್ತದೆ, ಟೊಮೆಟೊದ ಸಿಪ್ಪೆಯನ್ನು ಸೀಳುವುದು ಆ ಹರಿತವೇ. ಹಲ್ಲಿರುವ ಬೇರೆ ಒಳ್ಳೆಯ ಚಾಕುಗಳೂ ಇದನ್ನು ಮಾಡುತ್ತವೆ. ಜಾಹೀರಾತು ಹೇಳದೆ ಬಿಡುವುದು ಮುಂದಿನ ಕಥೆಯನ್ನು: ಒಮ್ಮೆ ಪೂರ್ತಿ ಮೊಂಡಾದರೆ ಅಂಥ ಚಾಕುವಿಗೆ ಮನೆಯಲ್ಲಿ ಸಾಣೆ ಹಿಡಿಯುವುದು ಬಹಳ ಕಷ್ಟ.

ಅಂಟದ ಬಾಣಲೆಯ ಪ್ರಾತ್ಯಕ್ಷಿಕೆಯೂ ಇದೇ ಜಾತಿಯದು. ಎಣ್ಣೆಯಿಲ್ಲದೆ ಮೊಟ್ಟೆ ಜಾರುವುದನ್ನು ತೋರಿಸುತ್ತಾರೆ. ಹೊಸದಾಗಿದ್ದಾಗ ಅಂಥ ಬಾಣಲೆಗಳೆಲ್ಲವೂ ಹಾಗೆಯೇ ಜಾರಿಸುತ್ತವೆ. ದಿನವೂ ಬೆಂಕಿಯ ಮೇಲಿಟ್ಟು, ಉಜ್ಜಿ ತೊಳೆದು, ಒಂದು ವರ್ಷ ಕಳೆದ ಬಾಣಲೆಯನ್ನು ಯಾವ ಜಾಹೀರಾತೂ ತೋರಿಸುವುದಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳುತ್ತೇನೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕರೆಂಟ್ ಬಿಲ್ಲು ಗಣನೀಯವಾಗಿ ಇಳಿಯುತ್ತದೆ ಎಂದು ಮಾರುವ ಪುಟ್ಟ ಪೆಟ್ಟಿಗೆಗಳನ್ನು ನಾನು ಬಿಚ್ಚಿ ನೋಡಿದ್ದೇನೆ. ಒಳಗಿರುವುದು ಒಂದು ಕೆಪಾಸಿಟರ್, ಒಂದು ಸಣ್ಣ ಸರ್ಕೀಟು, ಹಸಿರು ದೀಪ. ಕೆಪಾಸಿಟರ್ ಪವರ್ ಫ್ಯಾಕ್ಟರನ್ನು, ಅಂದರೆ ಎಳೆದುಕೊಂಡ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು, ಸ್ವಲ್ಪ ಸರಿಪಡಿಸಬಲ್ಲದು ನಿಜ, ಆದರೆ ಸಾಮಾನ್ಯವಾಗಿ ಮನೆಯ ಮೀಟರ್ ಲೆಕ್ಕ ಹಾಕುವುದು ನಿಜವಾಗಿ ಖರ್ಚಾದ ಯೂನಿಟ್ಟುಗಳನ್ನು, ಅಂದರೆ ಕಿಲೋವ್ಯಾಟ್ ಗಂಟೆಗಳನ್ನು. ಪವರ್ ಫ್ಯಾಕ್ಟರ್ ಬದಲಾದ ಮಾತ್ರಕ್ಕೆ ಆ ಸಂಖ್ಯೆ ಇಳಿಯುವುದಿಲ್ಲ. ಜಾಹೀರಾತಿನಲ್ಲಿ ತಂತಿಯಲ್ಲಿ ಹರಿಯುವ ಕರೆಂಟನ್ನು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದು ಆಂಪಿಯರ್ ಇಳಿದದ್ದನ್ನು ತೋರಿಸುತ್ತಾರೆ. ಇಳಿಯುವುದು ಆಂಪಿಯರ್, ಬಿಲ್ಲಲ್ಲ. ನೋಡುಗರ ಕಣ್ಣಿಗೆ ಮಣ್ಣೆರಚುವುದೆಂದರೆ ಇದೇ. ಹಾಗೆಯೇ, ಅಂಗೈಯಗಲದ ಹೀಟರ್ ಇಡೀ ಕೋಣೆಯನ್ನು ಕ್ಷಣದಲ್ಲಿ ಬಿಸಿ ಮಾಡುತ್ತದೆ, ಖರ್ಚೂ ಕಡಿಮೆ ಎನ್ನುತ್ತಾರೆ. ತಂತಿಯಿಂದ ಬಿಸಿ ಹೊಮ್ಮಿಸುವ ಹೀಟರ್ ಯಾವುದೇ ಆಗಿರಲಿ, ಎಷ್ಟು ವಿದ್ಯುತ್ ನುಂಗುತ್ತದೋ ಅಷ್ಟೇ ಶಾಖ ಕೊಡುತ್ತದೆ. 400 ವ್ಯಾಟಿನ ಪೆಟ್ಟಿಗೆಯಿಂದ 1500 ವ್ಯಾಟಿನ ಶಾಖವನ್ನು ಯಾವ ಹೊಸ ತಂತ್ರಜ್ಞಾನವೂ ತೆಗೆಯಲಾರದು. ಪೆಟ್ಟಿಗೆಯ ಮೇಲೆ ವ್ಯಾಟ್ ಎಷ್ಟೆಂದು ಓದಿದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು.

ಆರೈಕೆ

ಫಿಸಿಯೋಥೆರಪಿ ನನ್ನ ಕ್ಷೇತ್ರವಾದ್ದರಿಂದ ತಮ್ಮನವರ ಬೆಲ್ಟಿನ ಬಗ್ಗೆ ಬರೆಯುತ್ತೇನೆ. ಇದರಲ್ಲಿ ಎರಡು ಬಗೆ.

ಒಂದು, ಚರ್ಮದ ಮೂಲಕ ಸಣ್ಣ ವಿದ್ಯುತ್ ಹರಿಸಿ ಸ್ನಾಯುವನ್ನು ಅದುರಿಸುವುದು. ಇಂಥ ಪ್ರಚೋದನೆಯನ್ನು ನಾವು ಚಿಕಿತ್ಸೆಯಲ್ಲಿ ಬಳಸುತ್ತೇವೆ, ಉದಾಹರಣೆಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ದುರ್ಬಲವಾದ ತೊಡೆಯ ಸ್ನಾಯುವನ್ನು ಎಚ್ಚರಿಸಲು. ಆದ್ದರಿಂದ ಸ್ನಾಯು ಸಂಕುಚಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ಸ್ನಾಯು ಅದುರಿದ ಮಾತ್ರಕ್ಕೆ ಅದರ ಮೇಲಿರುವ ಕೊಬ್ಬು ಕರಗುವುದಿಲ್ಲ. ದೇಹ ಕೊಬ್ಬನ್ನು ಖರ್ಚು ಮಾಡುವುದು ಒಟ್ಟಾರೆ ಶಕ್ತಿಯ ಕೊರತೆ ಬಿದ್ದಾಗ. ಎಲ್ಲಿಂದ ಮೊದಲು ತೆಗೆಯಬೇಕೆಂಬುದನ್ನು ನಾವು ಬೆಲ್ಟ್ ಕಟ್ಟಿ ಹೇಳಲಾಗುವುದಿಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2002ರಲ್ಲಿ ಏಬ್‌ಟ್ರಾನಿಕ್, ಏಬ್ ಎನರ್ಜೈಸರ್, ಫಾಸ್ಟ್ ಏಬ್ಸ್ ಎಂಬ ಮೂರು ವಿದ್ಯುತ್ ಬೆಲ್ಟುಗಳ ಮಾರಾಟಗಾರರ ಮೇಲೆ ಸುಳ್ಳು ಜಾಹೀರಾತಿನ ಮೊಕದ್ದಮೆ ಹೂಡಿತ್ತು. 2012ರಲ್ಲಿ ಏಬ್ ಸರ್ಕಲ್ ಪ್ರೊ ಎಂಬ ವ್ಯಾಯಾಮ ಸಾಧನದ ಸರದಿ. ದಿನಕ್ಕೆ ಮೂರು ನಿಮಿಷ ಸಾಕು ಎಂದು ಮಾರಿದವರು ಕೊಂಡವರಿಗೆ ಎರಡೂವರೆ ಕೋಟಿ ಡಾಲರ್‌ವರೆಗೆ ಹಿಂದಿರುಗಿಸಲು ಒಪ್ಪಿಕೊಳ್ಳಬೇಕಾಯಿತು.

ಎರಡನೆಯದು, ಸೊಂಟವನ್ನು ಬಿಸಿ ಮಾಡಿ ಬೆವರಿಳಿಸುವುದು. ಕಟ್ಟುವ ಮೊದಲೂ ಬಿಚ್ಚಿದ ಮೇಲೂ ತೂಕ ನೋಡಿದರೆ ಮುಳ್ಳು ಇಳಿದಿರುತ್ತದೆ. ಇಳಿದದ್ದು ನೀರು. ದಾಹಕ್ಕೆ ನೀರು ಕುಡಿದೊಡನೆ ತೂಕ ಮರಳುತ್ತದೆ.

ಹೃದಯದಲ್ಲಿ ಪೇಸ್‌ಮೇಕರ್ ಇರುವವರು ವಿದ್ಯುತ್ ಬೆಲ್ಟನ್ನು ಮುಟ್ಟಲೇಬಾರದು, ಗರ್ಭಿಣಿಯರೂ ಕಟ್ಟಿಕೊಳ್ಳಬಾರದು. ಮಧುಮೇಹದಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ಬೆಲ್ಟಿನಿಂದ ಸುಟ್ಟದ್ದೇ ತಿಳಿಯದಿರಬಹುದು. ಹಣ ಹೋದರೆ ಹೋಗಲಿ ಎನ್ನಬಹುದು, ಇದನ್ನು ಹಾಗೆನ್ನಲು ಬರುವುದಿಲ್ಲ. ಅಂಗೈಯಲ್ಲಿ ವೈಕುಂಠ ತೋರಿಸುವ ಜಾಹೀರಾತುಗಳಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ದೇಹಕ್ಕೆ ಸಂಬಂಧಿಸಿದವು, ಏಕೆಂದರೆ ನೋವಿನಲ್ಲಿರುವವರು ನಿಜವಾದ ಚಿಕಿತ್ಸೆಯನ್ನು ಮುಂದೂಡಿ ಅವುಗಳಿಗೆ ಕಾಯುತ್ತಾರೆ.

ಪ್ರಶ್ನಾರ್ಥಕ

ಆರೈಕೆಯವರಿಗೆ ಅನಂತ ಧನ್ಯವಾದಗಳು. ನಿಮ್ಮ ಬರಹವನ್ನು ತಮ್ಮನಿಗೆ ಓದಿಸಿದೆ. ಬೆಲ್ಟಿನ ಮಾತನ್ನು ಅವನು ಕೈಬಿಟ್ಟಿದ್ದಾನೆ.

ಒಂದು ಸಂದೇಹ ಉಳಿದಿದೆ. ಇಪ್ಪತ್ತು ನಿಮಿಷದೊಳಗೆ ಕರೆ ಮಾಡಿದರೆ ಇನ್ನೊಂದು ಉಚಿತ, ಇಷ್ಟವಾಗದಿದ್ದರೆ ಹಣ ವಾಪಸ್ ಎಂದು ಹೇಳುತ್ತಾರಲ್ಲ, ಅದನ್ನು ನಂಬಿ ಒಮ್ಮೆ ತರಿಸಿ ನೋಡಿದರೆ ನಷ್ಟವೇನು?

ಕಡತ

ನಷ್ಟ ಸಣ್ಣ ಅಕ್ಷರಗಳಲ್ಲಿದೆ. ಇಪ್ಪತ್ತು ನಿಮಿಷದ ಗಡುವಿನಿಂದ ಶುರುಮಾಡೋಣ. ಆ ಕಾರ್ಯಕ್ರಮ ಮೊದಲೇ ಚಿತ್ರೀಕರಿಸಿದ್ದು. ಅದೇ ಗಡುವು ನಾಳೆಯೂ, ಮುಂದಿನ ವಾರವೂ, ಬೇರೆ ವಾಹಿನಿಯಲ್ಲೂ ಅಷ್ಟೇ ಅವಸರದಲ್ಲಿ ಓಡುತ್ತಿರುತ್ತದೆ. ಯೋಚಿಸಲು ಬಿಡುವು ಸಿಕ್ಕರೆ ಕರೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

‘ಇನ್ನೊಂದು ಉಚಿತ’ ಎಂಬುದರಲ್ಲಿ ಸಾಮಾನ್ಯವಾಗಿ ಎರಡನೆಯ ವಸ್ತುವಿಗೂ ಪ್ರತ್ಯೇಕವಾಗಿ ಸಾಗಣೆ ಮತ್ತು ನಿರ್ವಹಣಾ ಶುಲ್ಕ ಇರುತ್ತದೆ. ತೋಳಿರುವ ಹೊದಿಕೆ ಸ್ನಗ್ಗಿಯನ್ನು ಮಾರಿದ ಆಲ್‌ಸ್ಟಾರ್ ಮಾರ್ಕೆಟಿಂಗ್ ಗ್ರೂಪ್ ಇದೇ ಬಗೆಯ ಆರೋಪ ಎದುರಿಸಿತು. ಒಂದು ಕೊಂಡರೆ ಒಂದು ಉಚಿತವೆಂದು ಕರೆದು, ಶುಲ್ಕಗಳನ್ನು ಸರಿಯಾಗಿ ತಿಳಿಸದೆ, ಗಿರಾಕಿ ಕೊನೆಯ ಒಪ್ಪಿಗೆ ಕೊಡುವ ಮೊದಲೇ ಹಣ ಕಡಿತಗೊಳಿಸುತ್ತಿತ್ತು ಎಂಬ ಆ ಪ್ರಕರಣವನ್ನು ಕಂಪನಿ 2015ರಲ್ಲಿ ಒಟ್ಟು 80 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಹಣ ವಾಪಸಿನ ಮಾತಿನಲ್ಲೂ ಹೀಗೆಯೇ. ಹಲವು ಕಡೆ ವಾಪಸು ಕೊಡುವುದು ವಸ್ತುವಿನ ಬೆಲೆಯನ್ನು ಮಾತ್ರ. ಮೊದಲು ಕೊಟ್ಟ ಸಾಗಣೆ ಶುಲ್ಕ ಹಿಂದಿರುಗುವುದಿಲ್ಲ, ಮರಳಿ ಕಳಿಸುವ ಖರ್ಚೂ ನಿಮ್ಮದೇ. ಇವೆರಡೂ ಸೇರಿದಾಗ ವಸ್ತುವಿನ ಬೆಲೆಯ ದೊಡ್ಡ ಪಾಲಾಗುವುದರಿಂದ ಬಹಳ ಮಂದಿ ಕಳಿಸುವ ಗೋಜಿಗೇ ಹೋಗದೆ ಅಟ್ಟಕ್ಕೆ ಹಾಕುತ್ತಾರೆ. ಕಾನೂನಿನ ರಕ್ಷಣೆ ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದಲ್ಲಿ ದೂರದಿಂದ ಕೊಂಡ ಹೆಚ್ಚಿನ ವಸ್ತುಗಳನ್ನು ಕಾರಣವನ್ನೇ ಹೇಳದೆ 14 ದಿನದೊಳಗೆ ಬೇಡವೆನ್ನುವ ಹಕ್ಕಿದೆ, ಸಾಮಾನ್ಯ ಸಾಗಣೆ ಶುಲ್ಕವನ್ನೂ ಮಾರಾಟಗಾರರು ಹಿಂದಿರುಗಿಸಬೇಕು. ಅಂಥ ನಿಯಮವಿಲ್ಲದ ಕಡೆ ಮಾರಾಟಗಾರರ ಷರತ್ತೇ ಷರತ್ತು. ಕರೆ ಮಾಡಿದಾಗ ಒಟ್ಟು ಎಷ್ಟಾಗುತ್ತದೆ, ವಾಪಸಿಗೆ ಯಾವ ದಿನದಿಂದ ಲೆಕ್ಕ, ಯಾವ ವಿಳಾಸಕ್ಕೆ ಕಳಿಸಬೇಕು ಎಂದು ಕೇಳಿ. ವಿಳಾಸ ಹೇಳಲು ತಡವರಿಸುವವರಿಗೆ ಕಾರ್ಡಿನ ಸಂಖ್ಯೆ ಕೊಡಬೇಡಿ.

ಬೇಕೇ ಬೇಕೆನಿಸಿದರೆ ಕೆಲವು ತಿಂಗಳು ಕಾಯಬಹುದು. ಚೆನ್ನಾಗಿ ಮಾರಾಟವಾದ ವಸ್ತು ಟಿವಿಯಿಂದ ಅಂಗಡಿಗೆ ಇಳಿಯುವುದು ಈ ವ್ಯಾಪಾರದ ಮಾಮೂಲು ಹಾದಿ. ಅಲ್ಲಿ ಕೈಯಲ್ಲಿ ಹಿಡಿದು, ಮುಚ್ಚಳ ತೆಗೆದು ಹಾಕಿ ನೋಡಬಹುದು.

ಮುಂಜಾವು

ಪ್ರಶ್ನಾರ್ಥಕ ಅವರೇ, ಇಷ್ಟೆಲ್ಲ ಚರ್ಚೆಯ ನಡುವೆ ನಿಮ್ಮ ತಾಯಿಯವರ ಅಗತ್ಯ ಮರೆಯಾಗಬಾರದು. ಅವರು ಕೇಳುತ್ತಿರುವುದು ಆ ಸಾಧನವನ್ನಲ್ಲ, ನೋವಿಲ್ಲದೆ ಹೆಚ್ಚುವ ಒಂದು ದಾರಿಯನ್ನು. ಸಂಧಿವಾತವಿರುವ ನನ್ನ ಅತ್ತೆಯವರ ಜೊತೆ ಅಡುಗೆ ಮಾಡುತ್ತಾ ತಿಳಿದದ್ದನ್ನು ಹೇಳುತ್ತೇನೆ.

ಒತ್ತುವ ಜಾಲರಿ ಬೇಡ; ಬೆಸುಗೆಯವರ ಮಾತು ನೂರಕ್ಕೆ ನೂರು ಸರಿ. ಹಗ್ಗ ಎಳೆದು ಅಲಗು ತಿರುಗಿಸುವ ಡಬ್ಬಿಯಲ್ಲಿ ಒತ್ತಡ ಕಡಿಮೆ, ಆದರೆ ಒಂದು ಕೈ ಡಬ್ಬಿಯನ್ನು ಅದುಮಿ ಹಿಡಿಯಬೇಕು, ಇನ್ನೊಂದು ಕೈ ಮತ್ತೆ ಮತ್ತೆ ಜಗ್ಗಬೇಕು. ಅದೂ ಅವರಿಗೆ ಹಿತವಾಗಲಾರದು. ಗುಂಡಿ ಒತ್ತಿದರೆ ತಿರುಗುವ ಸಣ್ಣ ವಿದ್ಯುತ್ ಚಾಪರ್ ಉತ್ತಮ. ಚೂರುಗಳು ಒಂದೇ ಅಳತೆಗೆ ಬರುವುದಿಲ್ಲ, ಹೆಚ್ಚು ಹೊತ್ತು ತಿರುಗಿಸಿದರೆ ಈರುಳ್ಳಿ ನೀರು ಬಿಡುತ್ತದೆ, ಆದ್ದರಿಂದ ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಬೇಕು. ಕೊಳ್ಳುವಾಗ ಮುಚ್ಚಳವನ್ನು ತಿರುಗಿಸಿ ಬಿಗಿಯಬೇಕೇ ಅಥವಾ ಸುಮ್ಮನೆ ಮೇಲಿಟ್ಟರೆ ಸಾಕೇ ಎಂದು ನೋಡಿ. ತಿರುಗಿಸಿ ಬಿಗಿಯುವುದಾದರೆ ನೋವಿನ ಮಣಿಕಟ್ಟಿಗೆ ಮತ್ತೆ ಅದೇ ಕಷ್ಟ.

ಆರೈಕೆ

ಇದಕ್ಕೆ ಒಂದು ಸೇರಿಕೆ. ಚಾಕುವನ್ನೇ ಬಳಸುವುದಾದರೆ, ಹಿಡಿಯು ಅಲಗಿಗೆ ಲಂಬವಾಗಿ ಮೇಲಕ್ಕೆ ನಿಂತಿರುವ ಚಾಕುಗಳು ಸಿಗುತ್ತವೆ. ಅವನ್ನು ಮುಷ್ಟಿಯಲ್ಲಿ ಹಿಡಿದಾಗ ಮಣಿಕಟ್ಟು ಬಾಗದೆ ನೇರವಾಗಿಯೇ ಉಳಿಯುತ್ತದೆ, ಬಲ ಮುಂದೋಳಿನಿಂದ ಬರುತ್ತದೆ. ಟಿವಿಯಲ್ಲಿ ಇವನ್ನು ತೋರಿಸಿದ್ದನ್ನು ನಾನು ಕಂಡಿಲ್ಲ. ಪುನಶ್ಚೇತನ ಸಲಕರಣೆಗಳನ್ನು ಮಾರುವಲ್ಲಿ ವಿಚಾರಿಸಿ. ಯಾವುದನ್ನು ಕೊಳ್ಳುವ ಮೊದಲೂ ತಾಯಿಯವರ ಮಣಿಕಟ್ಟನ್ನು ವೈದ್ಯರಿಗೆ ತೋರಿಸಿದ್ದೀರಾ? ಹೆಬ್ಬೆರಳಿನ ಬುಡದಲ್ಲಿ ನೋವೇ, ರಾತ್ರಿ ಬೆರಳುಗಳು ಜೋಮು ಹಿಡಿಯುತ್ತವೆಯೇ ಎಂಬುದರ ಮೇಲೆ ಕಾರಣವೂ ಬೇರೆ, ಉಪಾಯವೂ ಬೇರೆ.

ಪ್ರಶ್ನಾರ್ಥಕ

ರಾತ್ರಿ ಜೋಮು ಹಿಡಿಯುವುದು ನಿಜ. ಅದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ಈ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಚಾಪರಿನ ವಿಚಾರವನ್ನು ಅವರು ಹೇಳುವುದನ್ನು ಕೇಳಿದ ಮೇಲೆ ನಿರ್ಧರಿಸಿ ಇಲ್ಲಿ ತಿಳಿಸುತ್ತೇನೆ. ಅಲ್ಲಿಯವರೆಗೆ ತರಕಾರಿ ಹೆಚ್ಚುವ ಕೆಲಸ ತಮ್ಮನದೂ ನನ್ನದೂ ಎಂದು ಮನೆಯಲ್ಲಿ ಮಾತಾಗಿದೆ.